ಮಣ್ಣು ಜೋತುಬಿದ್ದಾಗ

ಮೆಕ್ಸಿಕೋ ನಗರದ ‘ಪಸೇವೊ ದೆ ಲಾ ರಿಫೊರ್ಮಾ’ ಎಂಬ ಅಗಲವಾದ ಬೀದಿಯ ನಡುವೆ ಒಂದು ಎತ್ತರದ ಸ್ತಂಭವಿದೆ. ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿದ ಹೊಂಬಣ್ಣದ ದೇವತೆ ನಿಂತಿದ್ದಾಳೆ. ಸ್ಪೇನಿನ ಆಳ್ವಿಕೆಯ ವಿರುದ್ಧ ಹೋರಾಟ ಶುರುವಾಗಿ ನೂರು ವರ್ಷ ತುಂಬಿದ ನೆನಪಿಗೆ 1910ರ ಸೆಪ್ಟೆಂಬರಿನಲ್ಲಿ ಇದರ ಉದ್ಘಾಟನೆಯಾಯಿತು. ಅಂದು ಸ್ತಂಭದ ಬುಡ ತಲುಪಲು 9 ಮೆಟ್ಟಿಲು ಹತ್ತಿದರೆ ಸಾಕಿತ್ತು. ಈಗ ಆ ಮೆಟ್ಟಿಲುಗಳ ಕೆಳಗೆ ಇನ್ನೂ 14 ಮೆಟ್ಟಿಲು ಸೇರಿಕೊಂಡಿವೆ. ಸ್ತಂಭವನ್ನು ಯಾರೂ ಎತ್ತಿಲ್ಲ. ಅದು ಇದ್ದಲ್ಲಿಯೇ ಬಹುಮಟ್ಟಿಗೆ ನಿಂತಿರುವಾಗ ಸುತ್ತಲಿನ ಬೀದಿ, ಮರ, ಮನೆಗಳೆಲ್ಲ ಕೆಳಗಿಳಿಯುತ್ತ ಹೋದವು. ಬೀದಿ ಇಳಿದಂತೆಲ್ಲ ಊರಿನವರು ಮೆಟ್ಟಿಲು ಸೇರಿಸುತ್ತ ಬಂದರು.

ಈ ಸ್ತಂಭಕ್ಕೆ ಇನ್ನೊಂದು ಹಳೆಯ ಕತೆಯಿದೆ. 1902ರಲ್ಲಿ ಕೆಲಸ ಆರಂಭವಾಗಿ, ಕಲ್ಲುಗಳು ಸುಮಾರು 25 ಮೀಟರ್ ಎತ್ತರಕ್ಕೆ ಏರಿದ್ದಾಗ ಅಡಿಪಾಯ ಒಂದು ಕಡೆಗೆ ಕುಸಿಯಿತು. ಪರಿಣತರ ಸಮಿತಿಯೊಂದು ಬಂದು ನೋಡಿ, ಕಟ್ಟಿದ್ದನ್ನೆಲ್ಲ ಕೆಡವಬೇಕು ಎಂದಿತು. ಎರಡನೆಯ ಸಲ ಕಟ್ಟುವಾಗ ನೆಲದ ಆಳಕ್ಕೆ ಗೂಟಗಳನ್ನು ಇಳಿಸಿ, ಅವುಗಳ ತಲೆಯ ಮೇಲೆ ಸ್ತಂಭ ನಿಲ್ಲಿಸಿದರು. ಮೊದಲನೆಯದು ಗೂಟವಿಲ್ಲದೆ ಮುಳುಗಿತು. ಎರಡನೆಯದು ಗೂಟದ ಬಲದಿಂದ ನಿಂತು ಊರಿನಿಂದಲೇ ಬೇರೆಯಾಯಿತು. ಜೇಡಿಮಣ್ಣಿನಲ್ಲಿ ಗೂಟ ಭಾರ ಹೊರುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಶತಮಾನದಲ್ಲಿ ಸಿಕ್ಕ ಉತ್ತರಗಳೆಲ್ಲ ಈ ಎರಡು ಸೋಲುಗಳ ನಡುವೆ ಇವೆ. ಎರಡನೆಯದನ್ನು ಸೋಲು ಎಂದು ಯಾಕೆ ಕರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಈ ಊರು ಮೊದಲು ನೀರಿನ ನಡುವೆ ಇತ್ತು. 14ನೇ ಶತಮಾನದಲ್ಲಿ ಮೆಶೀಕಾ ಜನ, ಅಂದರೆ ನಾವು ಅಜ್ಟೆಕ್ ಎಂದು ಕರೆಯುವವರು, ಟೆಸ್ಕೊಕೊ ಸರೋವರದ ನಡುಗಡ್ಡೆಯ ಮೇಲೆ ತೆನೊಚ್ಟಿಟ್ಲಾನ್ ಎಂಬ ತಮ್ಮ ರಾಜಧಾನಿಯನ್ನು ಕಟ್ಟಿದರು. ಕೆಸರಿನಲ್ಲಿ ಮರದ ಗೂಟ ನೆಟ್ಟು ಅದರ ಮೇಲೆ ಕಟ್ಟುವ ವಿದ್ಯೆ ಅವರಿಗೆ ಗೊತ್ತಿತ್ತು. 1521ರಲ್ಲಿ ಸ್ಪೇನಿನವರು ಊರನ್ನು ಗೆದ್ದು, ದೇವಾಲಯಗಳನ್ನು ಕೆಡವಿ, ಅದೇ ಜಾಗದಲ್ಲಿ ತಮ್ಮ ಊರು ಕಟ್ಟಿದರು. ಮಳೆಗಾಲದಲ್ಲಿ ಸರೋವರ ಊರೊಳಗೆ ನುಗ್ಗುತ್ತಿತ್ತು. 17ನೇ ಶತಮಾನದಿಂದ ಕಾಲುವೆ ತೋಡಿ ನೀರನ್ನು ಹೊರಗೆ ಹರಿಸುತ್ತಲೇ ಬಂದರು. 1900ರಲ್ಲಿ ದೊಡ್ಡ ಕಾಲುವೆಯ ಉದ್ಘಾಟನೆಯಾದಾಗ ಸರೋವರದ ಹೆಚ್ಚಿನ ಪಾಲು ಮಾಯವಾಗಿತ್ತು. ಉಳಿದದ್ದು ಸರೋವರದ ತಳ.

ಆ ತಳದ ಮಣ್ಣು ಸಾಮಾನ್ಯದ್ದಲ್ಲ. ಸುತ್ತಲಿನ ಜ್ವಾಲಾಮುಖಿಗಳ ಬೂದಿ ಸಾವಿರಾರು ವರ್ಷ ನೀರಿನಲ್ಲಿ ತೇಲಿ, ಮುಳುಗಿ, ಕೊಳೆತು ಜೇಡಿಯಾಗಿತ್ತು. ಕಣ್ಣಿಗೆ ಕಾಣದ ಪಾಚಿಜೀವಿಗಳ ಚಿಪ್ಪುಗಳೂ ಅದರೊಳಗಿದ್ದವು. ಈ ಮಣ್ಣನ್ನು ಒಣಗಿಸಿ ತೂಗಿದರೆ ಬರುವ ತೂಕದ ಮೂರು-ನಾಲ್ಕು ಪಟ್ಟು ನೀರು ಅದರೊಳಗೆ ಇರುತ್ತದೆ. ಹಿಡಿ ಮಣ್ಣು ಎತ್ತಿಕೊಂಡರೆ ನಿಜಕ್ಕೂ ಕೈಯಲ್ಲಿರುವುದು ಬಹುಪಾಲು ನೀರೇ. ಊರಿನ ಹಳೆಯ ಭಾಗದಲ್ಲಿ ಈ ಮೆತ್ತನೆಯ ಜೇಡಿ 30 ಮೀಟರಿಗೂ ಹೆಚ್ಚು ಆಳಕ್ಕಿದೆ. ಅದರಡಿ ಕೆಲವೇ ಮೀಟರ್ ದಪ್ಪದ ಗಟ್ಟಿ ಮರಳಿನ ಪದರ. ಅದರಡಿ ಮತ್ತೆ ಜೇಡಿ. ಕಟ್ಟಡ ಕಟ್ಟುವವರಿಗೆ ಆ ಮರಳಿನ ಪದರವೇ ದಡ.

*

ಗೂಟ ಭಾರ ಹೊರುವುದು ಎರಡು ಬಗೆಯಲ್ಲಿ. ಒಂದು, ಅದರ ತುದಿ ಗಟ್ಟಿ ಪದರವನ್ನು ಮುಟ್ಟಿ ಅಲ್ಲಿ ಕಾಲೂರಿ ನಿಲ್ಲುವುದು. ಇನ್ನೊಂದು, ಅದರ ಮೈಯನ್ನು ಸುತ್ತಲಿನ ಮಣ್ಣು ಹಿಡಿದುಕೊಳ್ಳುವುದು. ಕೆಸರುಗದ್ದೆಯಲ್ಲಿ ನಾಟಿ ಮಾಡಿದವರಿಗೆ ಈ ಎರಡನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಣಕಾಲಿನವರೆಗೆ ಹೂತ ಕಾಲನ್ನು ಎತ್ತುವಾಗ ಕೆಸರು ಬಿಡುವುದಿಲ್ಲ. ಮೀನಖಂಡವನ್ನು ಸುತ್ತಲಿಂದಲೂ ಹಿಡಿದು ಎಳೆಯುತ್ತದೆ. ಜೇಡಿಮಣ್ಣಿನಲ್ಲಿ ಇಳಿದ ಉದ್ದದ ಗೂಟ ಹೆಚ್ಚಾಗಿ ಈ ಹಿಡಿತದ ಮೇಲೆಯೇ ನಿಂತಿರುತ್ತದೆ. ಈ ಹಿಡಿತ ಬೇಗ ಮೈಗೂಡುತ್ತದೆ. ಗೂಟ ಕೆಲವೇ ಮಿಲಿಮೀಟರ್ ಜಾರಿದರೆ ಸಾಕು, ಮಣ್ಣು ತನ್ನ ಶಕ್ತಿಯನ್ನೆಲ್ಲ ಹಾಕಿ ಹಿಡಿಯುತ್ತದೆ. ತುದಿಯ ಆಸರೆ ಪೂರ್ತಿ ಸಿಗಬೇಕಾದರೆ ಗೂಟ ತನ್ನ ದಪ್ಪದ ಹತ್ತನೇ ಒಂದು ಪಾಲಿನಷ್ಟಾದರೂ ಕೆಳಗಿಳಿಯಬೇಕು. ಹಾಗಾಗಿ ಮೊದಲ ಭಾರವನ್ನು ಮೈ ಹೊರುತ್ತದೆ, ಮೈ ಸೋತ ಮೇಲೆ ಕಾಲು.

ಈ ವಿವರ ಬಹುಕಾಲ ಯಾರಿಗೂ ಲೆಕ್ಕದಲ್ಲಿ ಸಿಕ್ಕಿರಲಿಲ್ಲ. ಗೂಟ ಹೊಡೆಯುವವರು ಸುತ್ತಿಗೆಯ ಏಟನ್ನು ನಂಬಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ‘ಎಂಜಿನಿಯರಿಂಗ್ ನ್ಯೂಸ್’ ಪತ್ರಿಕೆಯ ಸಂಪಾದಕ ಆರ್ಥರ್ ವೆಲಿಂಗ್ಟನ್ ಒಂದು ಸರಳ ಸೂತ್ರ ಕೊಟ್ಟ. ಸುತ್ತಿಗೆಯ ತೂಕ ಎಷ್ಟು, ಅದು ಎಷ್ಟು ಎತ್ತರದಿಂದ ಬೀಳುತ್ತದೆ, ಕೊನೆಯ ಏಟಿಗೆ ಗೂಟ ಎಷ್ಟು ಇಳಿಯಿತು, ಇಷ್ಟು ಗೊತ್ತಾದರೆ ಗೂಟ ಹೊರಬಲ್ಲ ಭಾರ ಗೊತ್ತಾಯಿತು. ಕಡಿಮೆ ಇಳಿದರೆ ಬಲವಾದ ಗೂಟ, ಸುಲಭವಾಗಿ ಇಳಿದರೆ ದುರ್ಬಲ ಗೂಟ. ಲೆಕ್ಕ ಸರಳವಾಗಿದ್ದುದರಿಂದ ಜಗತ್ತಿನ ತುಂಬ ಹರಡಿತು.

ಜೇಡಿಮಣ್ಣು ಈ ಸೂತ್ರಕ್ಕೆ ಮೋಸ ಮಾಡುತ್ತಿತ್ತು. ಸಂಜೆ ಸಲೀಸಾಗಿ ಇಳಿಯುತ್ತಿದ್ದ ಗೂಟವನ್ನು ಅರ್ಧಕ್ಕೆ ಬಿಟ್ಟು ಹೋಗಿ, ಒಂದೆರಡು ದಿನ ಕಳೆದು ಮತ್ತೆ ಏಟು ಹಾಕಿದರೆ ಅದು ಅಲುಗುತ್ತಲೇ ಇರಲಿಲ್ಲ. ಕಾರಣ ನೀರು. ಗೂಟ ನುಗ್ಗುವಾಗ ಸುತ್ತಲಿನ ಜೇಡಿ ಕಲಕಿ ಹೋಗುತ್ತದೆ, ಅದರೊಳಗಿನ ನೀರು ಒತ್ತಡಕ್ಕೆ ಸಿಕ್ಕಿ ಮಣ್ಣಿನ ಕಣಗಳನ್ನು ದೂರ ತಳ್ಳುತ್ತದೆ. ಆಗ ಹಿಡಿತ ಸಡಿಲ. ದಿನಗಳು, ವಾರಗಳು ಕಳೆದಂತೆ ಆ ನೀರು ನಿಧಾನವಾಗಿ ದೂರ ಸರಿಯುತ್ತದೆ, ಕಣಗಳು ಹತ್ತಿರ ಬರುತ್ತವೆ, ಮಣ್ಣು ಗೂಟವನ್ನು ಅಪ್ಪಿಕೊಳ್ಳುತ್ತದೆ. ಸುತ್ತಿಗೆ ಹೇಳುವುದು ಆ ಹೊತ್ತಿನ ಮಾತು ಮಾತ್ರ. ಕಟ್ಟಡ ನಿಲ್ಲಬೇಕಾದದ್ದು ನೂರು ವರ್ಷ.

ಜೇಡಿಗೂ ಕಾಲಕ್ಕೂ ಇರುವ ಈ ನಂಟನ್ನು ಲೆಕ್ಕಕ್ಕೆ ಇಳಿಸಿದವನು ಕಾರ್ಲ್ ಟರ್ಜಾಗಿ. 1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಈ ಎಂಜಿನಿಯರ್ ಮೊದಲ ಮಹಾಯುದ್ಧದ ನಡುವೆ ಪಾಠ ಹೇಳಲು ಇಸ್ತಾಂಬುಲಿಗೆ ಹೋದ. ಯುದ್ಧ ಮುಗಿದ ಮೇಲೆ ಅಲ್ಲಿಯ ರಾಬರ್ಟ್ ಕಾಲೇಜಿನಲ್ಲಿ, ಕೈಗೆ ಸಿಕ್ಕಿದ ಸಾಮಾನುಗಳಿಂದ ಪ್ರಯೋಗಾಲಯ ಕಟ್ಟಿಕೊಂಡ. ಜೇಡಿಯ ಒಂದು ಬಿಲ್ಲೆಯನ್ನು ಬಳೆಯಂಥ ಅಚ್ಚಿನಲ್ಲಿ ಕೂರಿಸಿ, ಮೇಲೆ ತೂಕ ಹೇರಿ, ನೀರು ಹೊರಬರಲು ದಾರಿ ಬಿಟ್ಟು, ಅದು ಎಷ್ಟು ಹೊತ್ತಿಗೆ ಎಷ್ಟು ತೆಳುವಾಗುತ್ತದೆ ಎಂದು ಅಳೆಯುತ್ತ ಕೂತ.

ಶ್ರೀಖಂಡಕ್ಕೆ ಮೊಸರು ಕಟ್ಟುವವರು ಇದೇ ಪ್ರಯೋಗವನ್ನು ಅಡುಗೆಮನೆಯಲ್ಲಿ ಮಾಡುತ್ತಾರೆ. ಮೊಸರಿನ ಗಂಟಿನ ಮೇಲೆ ಕಲ್ಲು ಇಟ್ಟ ಕ್ಷಣಕ್ಕೆ ಗಂಟು ಕುಗ್ಗುವುದಿಲ್ಲ. ಭಾರವನ್ನು ಮೊದಲು ಒಳಗಿನ ನೀರು ಹೊರುತ್ತದೆ. ನೀರು ಹನಿಹನಿಯಾಗಿ ಬಟ್ಟೆಯಿಂದ ಇಳಿದಂತೆ ಭಾರ ಗಟ್ಟಿ ಭಾಗಕ್ಕೆ ದಾಟುತ್ತದೆ, ಗಂಟು ಸಣ್ಣದಾಗುತ್ತದೆ. 1923ರಲ್ಲಿ ಟರ್ಜಾಗಿ ಪ್ರಕಟಿಸಿದ ಸಿದ್ಧಾಂತದ ಸಾರ ಇಷ್ಟೇ. ಆದರೆ ಅದರಿಂದ ಹೊರಟ ಒಂದು ಫಲಿತ ಬೆಚ್ಚಿಬೀಳಿಸುವಂಥದ್ದು. ಜೇಡಿಯ ಪದರ ಎರಡು ಪಟ್ಟು ದಪ್ಪವಿದ್ದರೆ ಅದು ಕುಗ್ಗಿ ಮುಗಿಯಲು ನಾಲ್ಕು ಪಟ್ಟು ಕಾಲ ಬೇಕು. ಹತ್ತು ಪಟ್ಟು ದಪ್ಪವಿದ್ದರೆ ನೂರು ಪಟ್ಟು. ಪ್ರಯೋಗಾಲಯದ ಬಿಲ್ಲೆ ಒಂದು ದಿನದಲ್ಲಿ ಮುಗಿಸುವ ಕೆಲಸಕ್ಕೆ ನೆಲದಡಿಯ ಪದರ ದಶಕಗಳನ್ನು, ಶತಮಾನಗಳನ್ನು ತೆಗೆದುಕೊಳ್ಳುತ್ತದೆ. ಕಟ್ಟಿದವನು ಸತ್ತ ಮೇಲೂ ಕಟ್ಟಡ ಇಳಿಯುತ್ತಿರುತ್ತದೆ.

ಇದರಿಂದ ಗೂಟಗಳ ಬಗೆಗೂ ಒಂದು ಎಚ್ಚರ ಬಂತು. ಒಂದು ಗೂಟದ ಮೇಲೆ ಒಂದೆರಡು ದಿನ ಭಾರ ಹೇರಿ ಪರೀಕ್ಷಿಸಿದರೆ ಅದು ಚೆನ್ನಾಗಿಯೇ ನಿಲ್ಲಬಹುದು. ಅಂಥವೇ ನೂರು ಗೂಟಗಳನ್ನು ಒತ್ತೊತ್ತಾಗಿ ನೆಟ್ಟಾಗ ಅವು ಒಟ್ಟುಗೂಡಿ ಒಂದೇ ದೊಡ್ಡ ದಿಮ್ಮಿಯಂತೆ ವರ್ತಿಸುತ್ತವೆ. ಅವುಗಳ ಭಾರ ಒಂಟಿ ಗೂಟದ ಭಾರ ತಲುಪದ ಆಳಕ್ಕೆ ತಲುಪುತ್ತದೆ, ಅಲ್ಲಿಯ ಜೇಡಿಯನ್ನು ವರ್ಷಗಟ್ಟಲೆ ಹಿಂಡುತ್ತದೆ. ಒಂಟಿ ಗೂಟ ಪಾಸಾದ ಪರೀಕ್ಷೆಯಲ್ಲಿ ಗುಂಪು ಫೇಲಾಗಬಹುದು.

*

ಇಷ್ಟು ಹೊತ್ತಿಗೆ ಮರದ ಜಾಗಕ್ಕೆ ಕಾಂಕ್ರೀಟ್ ಬಂದಿತ್ತು. ಮರದ ಗೂಟ ಕಡಿಮೆಯದಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 17ನೇ ಶತಮಾನದಲ್ಲಿ ಪುರಭವನವಾಗಿ ಕಟ್ಟಿದ, ಈಗ ಅರಮನೆಯಾಗಿರುವ ಕಟ್ಟಡ 13,659 ಮರದ ಗೂಟಗಳ ಮೇಲೆ ನಿಂತಿದೆ. ಅಲ್ಲಿಯ ಮಕ್ಕಳು ಈ ಸಂಖ್ಯೆಯನ್ನು ನೆನಪಿಡಲು ವರ್ಷದ 365 ದಿನಗಳ ಹಿಂದೆ ಒಂದು, ಮುಂದೆ ಒಂಬತ್ತು ಎಂದು ಕಲಿಯುತ್ತಾರೆ. ಸದಾ ನೀರಿನಲ್ಲಿ ಮುಳುಗಿರುವ ಮರಕ್ಕೆ ಗಾಳಿ ತಾಗುವುದಿಲ್ಲ, ಆದ್ದರಿಂದ ಬೇಗ ಕೊಳೆಯುವುದಿಲ್ಲ. ನೆಲದಡಿಯ ನೀರಿನ ಮಟ್ಟ ಇಳಿದು ಗೂಟದ ತಲೆ ಬಯಲಾದರೆ ಮಾತ್ರ ಕತೆ ಬೇರೆ. ಬೆಳೆಯುವ ನಗರಗಳು ನೀರು ಎತ್ತುತ್ತಲೇ ಇದ್ದವು. 1890ರ ದಶಕದಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಕಬ್ಬಿಣ ಸೇರಿಸಿದ ಕಾಂಕ್ರೀಟ್ ಗೂಟಗಳು, ಇಂದು ನಮ್ಮ ಕಟ್ಟಡದ ಕೆಲಸದವರೂ ‘ಪೈಲ್’ ಎಂದೇ ಕರೆಯುವಂಥವು, ಬಳಕೆಗೆ ಬಂದಾಗ ಅದು ದೊಡ್ಡ ನೆಮ್ಮದಿ. ಕಾಂಕ್ರೀಟಿಗೆ ನೀರು ಇದ್ದರೂ ಇಲ್ಲದಿದ್ದರೂ ಒಂದೇ. ಬೇಕಾದಷ್ಟು ಉದ್ದ, ಬೇಕಾದಷ್ಟು ದಪ್ಪ.

ಆದರೆ ಪೈಲ್ ಎಷ್ಟೇ ಗಟ್ಟಿಯಾಗಿದ್ದರೂ ಅದು ಹೊರುವ ಭಾರವನ್ನು ನಿರ್ಧರಿಸುವುದು ಸುತ್ತಲಿನ ಮಣ್ಣು. ಲಂಡನ್ ನಗರದಡಿಯ ಗಟ್ಟಿ ಜೇಡಿಯಲ್ಲಿ ಇದು ವಿಚಿತ್ರವಾಗಿ ಕಂಡುಬಂತು. ಅಲ್ಲಿ ಮೊದಲು ರಂಧ್ರ ಕೊರೆದು, ಅದರೊಳಗೆ ಹಸಿ ಕಾಂಕ್ರೀಟ್ ಸುರಿದು ಪೈಲ್ ಮಾಡುತ್ತಿದ್ದರು. ಗಟ್ಟಿ ಜೇಡಿ ಪೈಲನ್ನು ತನ್ನ ಪೂರ್ತಿ ಬಲದಿಂದ ಹಿಡಿಯುತ್ತದೆ ಎಂಬುದು ಸಹಜ ನಿರೀಕ್ಷೆ. 1959ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಲೆಕ್ ಸ್ಕೆಂಪ್ಟನ್ ಹಲವು ಜಾಗಗಳ ಪರೀಕ್ಷೆಗಳನ್ನು ಒಟ್ಟುಹಾಕಿ ನೋಡಿದಾಗ ಸಿಕ್ಕಿದ ಹಿಡಿತ ಜೇಡಿಯ ಬಲದ ಸುಮಾರು 0.45 ಪಾಲು ಮಾತ್ರ, ಅರ್ಧಕ್ಕೂ ಕಡಿಮೆ. ಕೊರೆದು ಬಿಟ್ಟ ರಂಧ್ರದ ಗೋಡೆ ಸಡಿಲಗೊಳ್ಳುತ್ತದೆ. ಮೇಲಾಗಿ ಹಸಿ ಕಾಂಕ್ರೀಟಿನ ನೀರನ್ನೇ ಜೇಡಿ ಹೀರಿಕೊಂಡು, ಪೈಲಿಗೆ ತಾಗಿದ ತೆಳು ಪದರದಲ್ಲಿ ಮೆತ್ತಗಾಗುತ್ತದೆ. ತನ್ನನ್ನು ಹಿಡಿಯಬೇಕಾದ ಕೈಯನ್ನು ಕಾಂಕ್ರೀಟ್ ತಾನೇ ಒದ್ದೆ ಮಾಡಿಕೊಳ್ಳುತ್ತದೆ. ಇದಕ್ಕೆ ಎರಡು ವರ್ಷ ಮೊದಲು, ಹೊಡೆದು ಇಳಿಸಿದ ಪೈಲ್‌ಗಳನ್ನು ಅಧ್ಯಯನ ಮಾಡಿದ್ದ ಟಾಮ್ಲಿನ್‌ಸನ್ ಇಂಥದ್ದೇ ಮಾತು ಹೇಳಿದ್ದ: ಮೆತ್ತನೆಯ ಜೇಡಿ ತನ್ನಲ್ಲಿರುವ ಬಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಡುತ್ತದೆ, ಗಟ್ಟಿ ಜೇಡಿ ತನ್ನ ಬಲದ ಒಂದು ಪಾಲನ್ನಷ್ಟೇ ಕೊಡುತ್ತದೆ.

ಹಾಗಾದರೆ ಮೆಕ್ಸಿಕೋದ ಅತಿ ಮೆತ್ತನೆಯ ಜೇಡಿ ಒಳ್ಳೆಯ ಸಂಗಾತಿಯಾಗಬೇಕಿತ್ತು. ಬಲ ಕಡಿಮೆಯಾದರೂ ಇರುವಷ್ಟನ್ನು ಬಿಚ್ಚುಮನಸ್ಸಿನಿಂದ ಕೊಡುವ ಮಣ್ಣು ಅದು. ಆಗಲಿಲ್ಲ. ಯಾಕೆಂದರೆ ಅಲ್ಲಿ ಊರು ನೀರು ಕುಡಿಯುತ್ತಿತ್ತು.

*

ಸರೋವರ ಹೋದ ಮೇಲೆ ಕುಡಿಯುವ ನೀರಿಗೆ ಮೆಕ್ಸಿಕೋ ನಗರ ಆಳದ ಬಾವಿಗಳನ್ನು ಕೊರೆಯಿತು. 1925ರಲ್ಲಿ ಎಂಜಿನಿಯರ್ ರೊಬೆರ್ತೊ ಗಾಯೋಲ್ ಅಳತೆಗಳನ್ನು ಮುಂದಿಟ್ಟು, ಊರಿನ ನೆಲ ಇಳಿಯುತ್ತಿದೆ ಎಂದು ಎಚ್ಚರಿಸಿದ. ಯಾಕೆ ಇಳಿಯುತ್ತಿದೆ ಎಂಬುದು ಖಚಿತವಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಹಾರ್ವರ್ಡಿನಲ್ಲಿ ಓದಿ ಬಂದಿದ್ದ ನಬೋರ್ ಕಾರಿಯೊ 1947ರಲ್ಲಿ ಟರ್ಜಾಗಿಯ ಸಿದ್ಧಾಂತವನ್ನೇ ಬಳಸಿ ತೋರಿಸಿದ: ಬಾವಿಗಳು ಆಳದ ಮರಳಿನಿಂದ ನೀರು ಎತ್ತುತ್ತವೆ, ಮರಳು ತನ್ನ ಮೇಲಿನ ಜೇಡಿಯಿಂದ ನೀರು ಹೀರುತ್ತದೆ, ಜೇಡಿ ಕುಗ್ಗುತ್ತದೆ. ಇಲ್ಲಿ ಮೊಸರಿನ ಗಂಟಿನ ಮೇಲೆ ಯಾರೂ ಹೊಸ ಕಲ್ಲು ಇಟ್ಟಿರಲಿಲ್ಲ. ಕೆಳಗಿನಿಂದ ನೀರನ್ನು ಹೀರುತ್ತಿದ್ದರು. ಗಂಟಿಗೆ ಎರಡೂ ಒಂದೇ. ಕಟ್ಟಡವಿಲ್ಲದ ಖಾಲಿ ಜಾಗವೂ ಇಳಿಯುತ್ತಿತ್ತು. 1940ರ ದಶಕದ ಕೊನೆಗೆ ಊರಿನ ಮಧ್ಯಭಾಗ ವರ್ಷಕ್ಕೆ 40 ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತಿತ್ತು. ಆಳದಲ್ಲಿ ಕಾಲೂರಿದ್ದ ಬಾವಿಯ ಕಬ್ಬಿಣದ ಕೊಳವೆಗಳು ವರ್ಷವರ್ಷಕ್ಕೂ ನೆಲದಿಂದ ಮೇಲೆ ಚಾಚಿಕೊಂಡು ಊರಿನ ಇಳಿತವನ್ನು ಅಳೆದು ತೋರಿಸುತ್ತಿದ್ದವು.

ಈಗ ಮರಳಿನ ಪದರದ ಮೇಲೆ ಕಾಲೂರಿ ನಿಂತ ಪೈಲನ್ನು ನೆನೆಯಿರಿ. ಅದು ಇಳಿಯುವುದಿಲ್ಲ. ಅದರ ಸುತ್ತಲಿನ ಮೂವತ್ತು ಮೀಟರ್ ಜೇಡಿ ಕುಗ್ಗುತ್ತ ಕೆಳಗೆ ಜಾರುತ್ತಿದೆ. ಜೇಡಿ ಪೈಲನ್ನು ಹಿಡಿದುಕೊಂಡಿದೆ ಎಂದೆವಲ್ಲ, ಆ ಹಿಡಿತ ಬಿಟ್ಟಿಲ್ಲ. ಆದರೆ ದಿಕ್ಕು ತಿರುಗಿದೆ. ಮೊದಲು ಪೈಲ್ ಕೆಳಗೆ ಜಾರಲು ನೋಡುತ್ತಿತ್ತು, ಜೇಡಿ ಅದನ್ನು ಮೇಲಕ್ಕೆ ಹಿಡಿದಿತ್ತು. ಈಗ ಜೇಡಿಯೇ ಕೆಳಗೆ ಜಾರುತ್ತ ಪೈಲಿಗೆ ಜೋತುಬಿದ್ದಿದೆ. ಹೊರಬೇಕಾಗಿದ್ದ ಮಣ್ಣು ತಾನೇ ಹೊರೆಯಾಗಿದೆ. ಈಜುವವನನ್ನು ಮುಳುಗುತ್ತಿರುವವನು ತಬ್ಬಿಕೊಂಡ ಹಾಗೆ. ಎಂಜಿನಿಯರುಗಳು ಇದನ್ನು ಋಣ ಘರ್ಷಣೆ ಎನ್ನುತ್ತಾರೆ. ಗಣಿತದಲ್ಲಿ ಋಣ ಎಂದರೆ ಸೊನ್ನೆಗಿಂತ ಕೆಳಗಿನದು. ನಮ್ಮ ಮಾತಿನಲ್ಲಿ ಅದು ತೀರಿಸಬೇಕಾದ ಸಾಲವೂ ಹೌದು. ಇಲ್ಲಿ ಎರಡೂ ಅರ್ಥ ಹೊಂದುತ್ತವೆ. ಊರು ಎತ್ತಿ ಕುಡಿದ ನೀರಿನ ಸಾಲವನ್ನು ಪೈಲ್‌ಗಳು ತೀರಿಸುತ್ತಿದ್ದವು.

ಇದರ ಪರಿಣಾಮ ಎರಡು. ಕಟ್ಟಡದ ಭಾರದ ಜೊತೆ ಜೇಡಿಯ ಭಾರವೂ ಸೇರಿ ಪೈಲ್‌ನ ತುದಿ ಮರಳಿನೊಳಗೆ ನುಗ್ಗಬಹುದು. ನುಗ್ಗದೆ ಗಟ್ಟಿಯಾಗಿ ನಿಂತರೆ ಕಟ್ಟಡ ಬೀದಿಯಿಂದ ಮೇಲೇಳುತ್ತದೆ. ಬಾಗಿಲು ನೆಲಕ್ಕೆ ಸಿಗುವುದಿಲ್ಲ, ನೀರು-ಚರಂಡಿಯ ಕೊಳವೆಗಳು ತುಂಡಾಗುತ್ತವೆ, ಪಕ್ಕದ ಹಳೆಯ ಮನೆ ವಾಲುತ್ತದೆ. ಮೆಟ್ಟಿಲು ಸೇರಿಸಿಕೊಂಡ ಸ್ತಂಭವನ್ನು ಗೆಲುವು ಎನ್ನಲಾಗದ್ದು ಇದಕ್ಕೇ. ಊರನ್ನು ಬಿಟ್ಟು ಒಂಟಿಯಾಗಿ ನಿಲ್ಲುವುದು ಸ್ಮಾರಕಕ್ಕೆ ಒಪ್ಪಬಹುದು, ಮನೆಗೆ, ಆಸ್ಪತ್ರೆಗೆ, ಅಂಗಡಿಗೆ ಒಪ್ಪುವುದಿಲ್ಲ.

ಊರಿನ ನಡುವೆ ಬೀದಿಯ ಆಚೆ ಈಚೆ ನಿಂತಿರುವ ಎರಡು ಕಟ್ಟಡಗಳು ಈ ಪಾಠವನ್ನು ಒಟ್ಟಿಗೆ ಹೇಳುತ್ತವೆ. ಒಂದು, ಇಟಲಿಯ ಅದಾಮೊ ಬೊವಾರಿ ರೂಪಿಸಿದ ಲಲಿತಕಲೆಗಳ ಅರಮನೆ, ‘ಬೆಯಾಸ್ ಆರ್ತೆಸ್’. ಅಮೃತಶಿಲೆಯ ಈ ಭಾರಿ ರಂಗಮಂದಿರ ಪೈಲ್‌ಗಳಿಲ್ಲದೆ ಉಕ್ಕು ಮತ್ತು ಕಾಂಕ್ರೀಟಿನ ಪೀಠದ ಮೇಲೆ 1904ರಲ್ಲಿ ಏಳತೊಡಗಿತು. ಕಟ್ಟುತ್ತಿರುವಾಗಲೇ ಮುಳುಗತೊಡಗಿತು. ನಡುವೆ ಕ್ರಾಂತಿಯೂ ಬಂದು, ಮುಗಿಯುವ ಹೊತ್ತಿಗೆ 1934. ಇನ್ನೊಂದು, 1948ರಿಂದ 1956ರವರೆಗೆ ಎದ್ದ 44 ಅಂತಸ್ತಿನ ‘ಟೊರ್ರೆ ಲ್ಯಾಟಿನೊಅಮೆರಿಕಾನಾ’.

ಈ ಗೋಪುರದ ಅಡಿಪಾಯ ರೂಪಿಸಿದವನು ಲಿಯೊನಾರ್ಡೊ ಜೀವಾರ್ಟ್. ಜೇಡಿಯೊಡನೆ ಹಟ ಮಾಡುವುದರ ಬದಲು ಅವನು ಲೆಕ್ಕ ಒಪ್ಪಿಸಿದ. ಮೊದಲು ಸುಮಾರು 13 ಮೀಟರ್ ಆಳದ ನೆಲಮಾಳಿಗೆ ಅಗೆಸಿದ. ತೆಗೆದ ಮಣ್ಣಿನ ತೂಕ ಕಟ್ಟಡದ ತೂಕದ ದೊಡ್ಡ ಪಾಲನ್ನು ಸರಿತೂಗಿಸಿತು, ಅಷ್ಟರ ಮಟ್ಟಿಗೆ ಗೋಪುರ ದೋಣಿಯ ಹಾಗೆ ತೇಲುತ್ತದೆ. ಉಳಿದ ಭಾರಕ್ಕೆ 361 ಕಾಂಕ್ರೀಟ್ ಪೈಲ್‌ಗಳು, ಸುಮಾರು 33 ಮೀಟರ್ ಆಳದ ಮರಳಿನ ಪದರದವರೆಗೆ. ಅಗೆಯುವಾಗ ಒಳಗಿನಿಂದ ತೆಗೆದ ನೀರನ್ನು ಹೊರಗಿನ ನೆಲಕ್ಕೆ ಮತ್ತೆ ಇಳಿಸಿ, ಸುತ್ತಲಿನ ಜೇಡಿಯ ನೀರಿನ ಒತ್ತಡ ಕುಸಿಯದಂತೆ ನೋಡಿಕೊಂಡ. ಜೋತುಬೀಳುವ ಮಣ್ಣಿನ ಭಾರವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿದ್ದ.

ಅದೇ ಕಾಲದ ಇನ್ನೊಬ್ಬ ಎಂಜಿನಿಯರ್ ಮನ್ವೆಲ್ ಗೊನ್ಸಾಲೆಸ್ ಫ್ಲೊರೆಸ್ ಬೇರೆ ಉಪಾಯ ಹುಡುಕಿದ. ಅವನ ಪೈಲ್‌ಗಳು ಕಟ್ಟಡಕ್ಕೆ ಅಂಟಿಕೊಂಡಿರಲಿಲ್ಲ. ನೆಲಮಾಳಿಗೆಯ ತಳದಲ್ಲಿ ಬಿಟ್ಟ ರಂಧ್ರಗಳ ಮೂಲಕ ಅವುಗಳ ತಲೆ ಮೇಲೆ ಬಂದಿರುತ್ತಿತ್ತು. ಪ್ರತಿ ತಲೆಯ ಮೇಲೆ ಕಟ್ಟಡಕ್ಕೆ ಬಿಗಿದ ಒಂದು ಉಕ್ಕಿನ ತೊಲೆ, ತಲೆಗೂ ತೊಲೆಗೂ ನಡುವೆ ಮರದ ಪುಟ್ಟ ದಿಂಡುಗಳು. ನೆಲ ಇಳಿದಂತೆ ಕಟ್ಟಡ ದಿಂಡುಗಳನ್ನು ಒತ್ತುತ್ತದೆ, ದಿಂಡು ಜಜ್ಜಿ ತೆಳುವಾಗುತ್ತದೆ, ಕಟ್ಟಡ ಊರಿನ ಜೊತೆಗೇ ಮೆಲ್ಲನೆ ಇಳಿಯುತ್ತದೆ. ಜಜ್ಜಿದ ದಿಂಡನ್ನು ತೆಗೆದು ಹೊಸದು ಇಡಬೇಕು. ಬಹುಮಹಡಿ ಕಟ್ಟಡವೊಂದು ಬೀದಿಯ ಮಟ್ಟ ಬಿಡದೆ ಉಳಿಯುವುದು ನೆಲಮಾಳಿಗೆಯಲ್ಲಿ ಯಾರೋ ಮರದ ತುಂಡು ಬದಲಿಸುತ್ತಿರುವುದರಿಂದ.

*

1957ರ ಜುಲೈ 28ರ ನಸುಕಿನಲ್ಲಿ ದೊಡ್ಡ ಭೂಕಂಪವಾಯಿತು. ಆಗಷ್ಟೇ ಒಂದು ವರ್ಷ ಮುಗಿಸಿದ್ದ ಜೀವಾರ್ಟನ ಗೋಪುರ ತೂಗಾಡಿ, ಹಾನಿಯಿಲ್ಲದೆ ನಿಂತಿತು. ರಿಫೊರ್ಮಾ ಬೀದಿಯ ಸ್ತಂಭದ ತುದಿಯಿಂದ ದೇವತೆ ಕೆಳಗೆ ಬಿದ್ದು ಒಡೆದಳು. ಅವಳನ್ನು ಮತ್ತೆ ಜೋಡಿಸಿ ಮೇಲೇರಿಸಿದರು.

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಬಂದದ್ದು ಅದಕ್ಕಿಂತ ಘೋರ. ಕಂಪದ ಕೇಂದ್ರ ಪೆಸಿಫಿಕ್ ಕರಾವಳಿಯಲ್ಲಿ, ಊರಿನಿಂದ ಮುನ್ನೂರು ಕಿಲೋಮೀಟರಿಗೂ ದೂರದಲ್ಲಿತ್ತು. ಹಳೆಯ ಸರೋವರದ ಜೇಡಿ ಆ ಅಲೆಗಳನ್ನು ಹಿಡಿದು, ತಟ್ಟೆಯಲ್ಲಿಟ್ಟ ಹಲ್ವದಂತೆ ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗತೊಡಗಿತು. ಅದೇ ಲಯದಲ್ಲಿ ತೂಗುವ ಮಧ್ಯಮ ಎತ್ತರದ ಕಟ್ಟಡಗಳು ಹೆಚ್ಚು ಉರುಳಿದವು. ಸಾವಿರಾರು ಜನ ಸತ್ತರು.

ಆ ದಿನ ಪೈಲ್‌ಗಳ ಇತಿಹಾಸದ ಇನ್ನೊಂದು ಸತ್ಯ ಹೊರಬಿತ್ತು. ಕಟ್ಟಡ ಬೀದಿಯಿಂದ ಮೇಲೇಳಬಾರದು ಎಂದು ಎಷ್ಟೋ ಕಡೆ ಪೈಲ್‌ಗಳನ್ನು ಮರಳಿನ ಪದರದವರೆಗೆ ಇಳಿಸದೆ, ಜೇಡಿಯಲ್ಲೇ ತೇಲುವಂತೆ ಬಿಟ್ಟಿದ್ದರು. ಅವು ನಿಂತಿದ್ದದ್ದು ಮೈ ಹಿಡಿತದ ಮೇಲೆ ಮಾತ್ರ. ಎಷ್ಟೋ ಕಟ್ಟಡಗಳಲ್ಲಿ ಆ ಹಿಡಿತ ದಿನನಿತ್ಯದ ಭಾರಕ್ಕೇ ಹೆಚ್ಚುಕಡಿಮೆ ಪೂರ್ತಿ ಖರ್ಚಾಗಿತ್ತು, ಕೂಡಿಟ್ಟದ್ದು ಏನೂ ಇರಲಿಲ್ಲ. ನೆಲ ಅಲುಗಿ, ಕಟ್ಟಡ ಆ ಕಡೆ ಈ ಕಡೆ ವಾಲಿದಾಗ ಒಂದು ಅಂಚಿನ ಪೈಲ್‌ಗಳ ಮೇಲೆ ಭಾರ ಹೆಚ್ಚಿತು, ಜೇಡಿ ಕೈಬಿಟ್ಟಿತು. ಹಲವು ಕಟ್ಟಡಗಳು ಒಮ್ಮೆಲೇ ಕುಸಿದು ಕೂತವು. ಹತ್ತು ಅಂತಸ್ತಿನ ಒಂದು ಕಟ್ಟಡ ಬುಡಸಮೇತ ಮಗುಚಿತು, ಅದರ ಪೈಲ್‌ಗಳು ಗಾಳಿಮಳೆಗೆ ಬಿದ್ದ ಮರದ ಬೇರಿನಂತೆ ಮಣ್ಣಿನಿಂದ ಕಿತ್ತು ಬಂದಿದ್ದವು. 1987ರಲ್ಲಿ ಊರಿನ ಕಟ್ಟಡ ನಿಯಮಗಳನ್ನು ಹೊಸದಾಗಿ ಬರೆದರು. ಊರಿನ ಜೊತೆ ಇಳಿಯಲು ಹೊರಟವನೂ ಕಷ್ಟದ ಒಂದು ದಿನಕ್ಕೆಂದು ಬಲ ಕೂಡಿಟ್ಟಿರಬೇಕು ಎಂಬುದನ್ನು ಕಲಿಯಲು ಅಷ್ಟು ಜೀವಗಳು ಹೋಗಬೇಕಾಯಿತು.

*

ಕನ್ನಡದ ಓದುಗರಿಗೆ ಇದೆಲ್ಲ ದೂರದ ಕತೆ ಅನ್ನಿಸಬಹುದು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯವರಿಗೆ ಹಾಗೆ ಅನ್ನಿಸಲಾರದು. ಎರೆಭೂಮಿಯ ಮಣ್ಣೂ ಜೇಡಿಯೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬುತ್ತದೆ. ಇಲ್ಲಿ ಮಣ್ಣು ಕಟ್ಟಡವನ್ನು ಕೆಳಗೆ ಎಳೆಯುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ನೂಕುತ್ತದೆ. ಹಗುರವಾದ ಮನೆಯ ಗೋಡೆ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂತು ಮೂಲೆಗಳಲ್ಲಿ ಸೀಳುತ್ತದೆ.

ಇದಕ್ಕೆ ಪರಿಹಾರ ನಮ್ಮ ದೇಶದಲ್ಲಿಯೇ ರೂಪುಗೊಂಡಿತು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಅವರ ಜೊತೆಗಾರರು 1950ರ ದಶಕದಿಂದ ಬೆಳೆಸಿದ ಪೈಲ್‌ಗೆ ಬುಡದಲ್ಲಿ ಗಡ್ಡೆ ಇರುತ್ತದೆ. ಮೂರೂವರೆ ಮೀಟರಿನಷ್ಟು ಆಳಕ್ಕೆ ಸಣ್ಣ ರಂಧ್ರ ಕೊರೆದು, ತಳದಲ್ಲಿ ಅದನ್ನು ಕಾಂಡದ ಎರಡೂವರೆ ಪಟ್ಟು ಅಗಲಕ್ಕೆ ಕೆರೆದು ಕಾಂಕ್ರೀಟ್ ತುಂಬುತ್ತಾರೆ. ಅಷ್ಟು ಆಳದಲ್ಲಿ ಬೇಸಿಗೆ-ಮಳೆಗಾಲದ ವ್ಯತ್ಯಾಸ ಮಣ್ಣಿಗೆ ತಟ್ಟುವುದು ಬಹಳ ಕಡಿಮೆ. ಮೇಲಿನ ಮಣ್ಣು ಉಬ್ಬಿ ಕಾಂಡವನ್ನು ಹಿಡಿದು ಮೇಲಕ್ಕೆಳೆದರೆ, ಕೆಳಗಿನ ಗಡ್ಡೆ ಬಿಡುವುದಿಲ್ಲ. ಗೋಡೆ ಹೊರುವ ತೊಲೆಯನ್ನು ನೆಲಕ್ಕೆ ತಾಗಿಸದೆ, ನಡುವೆ ಒಂದಿಷ್ಟು ಖಾಲಿ ಜಾಗ ಬಿಡುತ್ತಾರೆ. ಉಬ್ಬುವ ಮಣ್ಣಿಗೆ ಉಬ್ಬಲು ಎಡೆ ಕೊಟ್ಟರೆ ಅದು ಗೋಡೆಯ ತಂಟೆಗೆ ಬರುವುದಿಲ್ಲ. ಗೊನ್ಸಾಲೆಸ್‌ನ ಮರದ ದಿಂಡೂ ಈ ಖಾಲಿ ಜಾಗವೂ ಒಂದೇ ಬುದ್ಧಿಯ ಎರಡು ರೂಪ.

ಮತ್ತೆ ಆ ಮೆಟ್ಟಿಲುಗಳ ಹತ್ತಿರ ಬರೋಣ. 1950ರ ದಶಕದಲ್ಲಿ ಮೆಕ್ಸಿಕೋ ನಗರ ಮಧ್ಯಭಾಗದ ಬಾವಿಗಳನ್ನು ಮುಚ್ಚಿಸಿತು. ಅಲ್ಲಿ ನೆಲ ಇಳಿಯುವ ವೇಗ ತಗ್ಗಿತು. ಬಾವಿಗಳು ದಕ್ಷಿಣಕ್ಕೂ ಪೂರ್ವಕ್ಕೂ ಸರಿದವು, ಇಳಿತವೂ ಅವುಗಳ ಬೆನ್ನಿಗೆ ಹೋಯಿತು. ಇಂದಿಗೂ ಊರು ಬಳಸುವ ನೀರಿನ ಅರ್ಧಕ್ಕೂ ಹೆಚ್ಚು ನೆಲದಡಿಯಿಂದಲೇ ಬರುತ್ತದೆ. ಪೂರ್ವದ ಬಡ ಬಡಾವಣೆಗಳಲ್ಲಿ ನೆಲ ಬಿರುಕು ಬಿಟ್ಟು, ಮನೆಗಳು ಸೀಳಿ, ನಲ್ಲಿಗಳು ಒಣಗಿವೆ. ಅಲ್ಲಿಯವರು ಟ್ಯಾಂಕರಿಗೆ ಕಾಯುತ್ತಾರೆ. ಅವರ ಮನೆಗಳ ಕೆಳಗೆ 361 ಪೈಲ್‌ಗಳಿಲ್ಲ, ಮರದ ದಿಂಡು ಬದಲಿಸುವವರಿಲ್ಲ. ರಿಫೊರ್ಮಾ ಬೀದಿಯಲ್ಲಿ 23 ಮೆಟ್ಟಿಲು ಹತ್ತಿ ಸ್ತಂಭದ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರ ಕಾಲಡಿಯಲ್ಲಿ, 1910ರ ಬೀದಿ ಎಲ್ಲಿತ್ತು ಎಂಬ ಗುರುತು ಹದಿನಾಲ್ಕನೆಯ ಮೆಟ್ಟಿಲಿನ ಮೇಲೆ ಸಿಗುತ್ತದೆ.